‘ಮನಿಗೆ ಒಯ್ಯರಿ’ ಅಂದ ಮೇಲೆ

ಆ ಮಾತನ್ನು ಒಮ್ಮೆಯಾದರೂ ಕೇಳದ ಮನೆತನ ನಮ್ಮ ಕಡೆ ಕಡಿಮೆ. ಮಿರಜದ್ದೋ ಕೊಲ್ಹಾಪುರದ್ದೋ ಬೆಳಗಾವಿಯದ್ದೋ ಒಂದು ದೊಡ್ಡ ದವಾಖಾನೆ. ಒಳಗೆ ಹಾಸಿಗೆಯ ಮೇಲೆ ಅಪ್ಪ. ಡಾಕ್ಟರು ಹಿರಿಮಗನನ್ನು ಹೊರಗೆ ಕರೆದು, ದನಿ ತಗ್ಗಿಸಿ, “ಇನ್ನ ನಮ್ಮ ಕಡೆಯಿಂದ ಆಗೂದು ಏನಿಲ್ಲ, ಮನಿಗೆ ಒಯ್ಯರಿ” ಅನ್ನುತ್ತಾರೆ. ಮಗ ತಲೆಯಾಡಿಸುತ್ತಾನೆ. ಗಾಡಿ ಗೊತ್ತುಮಾಡುತ್ತಾರೆ. ದಾರಿಯಲ್ಲಿ ಯಾರೂ ಮಾತಾಡುವುದಿಲ್ಲ. ಊರು ಮುಟ್ಟುವ ಹೊತ್ತಿಗೆ ಅಂಗಳದಲ್ಲಿ ಮಂದಿ ಕೂಡಿರುತ್ತಾರೆ.

ಅಲ್ಲಿಂದ ಆ ಮನುಷ್ಯ ತೀರಿಕೊಳ್ಳುವವರೆಗೆ ಮೂರು ವಾರ ಹಿಡಿಯಬಹುದು, ಆರು ತಿಂಗಳೂ ಹಿಡಿಯಬಹುದು. ದವಾಖಾನೆಯ ಪಾಲಿಗೆ ಅವನ ಫೈಲು ಮುಗಿದಿದೆ. ಮಠ, ಬಸದಿ, ಮಸೀದಿ, ಭಜನಾ ಮಂಡಳಿ ಎಲ್ಲವೂ ಇವೆ, ಆದರೆ ಅವುಗಳ ಕೆಲಸ ಬಹಳ ಮಟ್ಟಿಗೆ ಸಾವಿನ ನಂತರ ಶುರುವಾಗುವಂಥದ್ದು. ನಡುವಿನ ದಿನಗಳಲ್ಲಿ ರಾತ್ರಿ ಎರಡಕ್ಕೆ ನೋವು ಕೆರಳಿದರೆ, ಹುಣ್ಣು ನಾರತೊಡಗಿದರೆ, “ನಾ ಉಳೀತೀನೋ ಇಲ್ಲೋ” ಎಂದು ಅಪ್ಪನೇ ಕೇಳಿದರೆ ಯಾರನ್ನು ಕರೆಯಬೇಕು? ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದೂ ತಾಲೂಕುಗಳಲ್ಲಿ ಬಹುಪಾಲು ಮನೆಗಳಿಗೆ ಇದಕ್ಕೆ ಉತ್ತರ ಗೊತ್ತಿಲ್ಲ.

ಈ ನಡುವಿನ ಕಾಲವನ್ನೂ, ಅದರ ಬೆನ್ನಿಗೆ ಬರುವ ಅಗಲಿಕೆಯ ದುಃಖವನ್ನೂ ವಿಷಯವಾಗಿಟ್ಟುಕೊಂಡು ಜಗತ್ತಿನ ಹಲವೆಡೆ ಸ್ನಾತಕೋತ್ತರ ಪದವಿ ಕೊಡುತ್ತಾರೆ. ನಮ್ಮ ದೇಶದಲ್ಲೂ ಅದಕ್ಕೆ ದಾರಿಗಳಿವೆ, ಆದರೆ ಒಂದೇ ಹೆಸರಿನ ಒಂದೇ ಬಾಗಿಲಿಲ್ಲ. ಈ ಓದಿನಲ್ಲಿ ಏನಿರುತ್ತದೆ, ಯಾವ ಪದವೀಧರ ಯಾವ ಬಾಗಿಲು ತಟ್ಟಬೇಕು, ಓದಿ ಬಂದವರು ಕೃಷ್ಣಾ ದಂಡೆಯ ಒಂದು ಊರಿನಲ್ಲಿ ಸೋಮವಾರ ಬೆಳಿಗ್ಗೆ ಏನು ಮಾಡಬೇಕು ಎಂಬುದನ್ನು ಬಿಡಿಸಿ ಹೇಳಲು ಈ ಬರಹ.

ವಿಷಯದ ಬೇರು ಲಂಡನ್ನಿನಲ್ಲಿದೆ. ಸಿಸಿಲಿ ಸಾಂಡರ್ಸ್ ಎಂಬಾಕೆ ಮೊದಲು ನರ್ಸ್ ಆದರು, ಬೆನ್ನುನೋವಿನಿಂದ ಆ ಕೆಲಸ ಬಿಡಬೇಕಾಗಿ ಬಂದು ಆಸ್ಪತ್ರೆಯ ಸಮಾಜ ಕಾರ್ಯಕರ್ತೆಯಾದರು, ಸಾಯುತ್ತಿರುವವರ ನೋವನ್ನು ವೈದ್ಯರು ಗಂಭೀರವಾಗಿ ತೆಗೆದುಕೊಳ್ಳುತ್ತಿಲ್ಲವೆಂದು ಕಂಡು ಕೊನೆಗೆ ತಾವೇ ವೈದ್ಯಶಾಸ್ತ್ರ ಓದಿದರು. 1967ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ಎಂಬ ಕೊನೆಗಾಲದ ಆರೈಕೆ ಕೇಂದ್ರ ತೆರೆದರು. ಅವರು ಹೇಳಿದ್ದರ ತಿರುಳು ಇಷ್ಟು: ಸಾಯುವವನ ನೋವು ಮೈಯದ್ದಷ್ಟೇ ಅಲ್ಲ. ಮನಸ್ಸಿನದ್ದು, ಸಂಸಾರದ್ದು, ಸಾಲದ್ದು, ದೇವರ ಬಗೆಗಿನದ್ದು ಎಲ್ಲ ಸೇರಿ ಒಂದೇ ನೋವು. ಅದನ್ನು ಬಿಡಿಬಿಡಿಯಾಗಿ ಕಳೆಯಲು ಬರುವುದಿಲ್ಲ. ಇಂದು ಈ ಓದು ವೈದ್ಯಕೀಯ, ನರ್ಸಿಂಗ್, ಸಮಾಜಕಾರ್ಯ, ಮನಃಶಾಸ್ತ್ರ ನಾಲ್ಕರಲ್ಲೂ ಹಂಚಿಕೊಂಡಿರುವುದಕ್ಕೆ ಕಾರಣ ಅಲ್ಲಿದೆ.

ಹಾಗೆಂದು ಇದನ್ನು ಪೂರಾ ಹೊರಗಿನ ಸರಕು ಅನ್ನಲಾಗದು. ನಮ್ಮ ಐದು ತಾಲೂಕುಗಳಷ್ಟು ಕೊನೆಗಾಲದ ಬಗ್ಗೆ ಯೋಚಿಸಿದ ನೆಲ ಅಪರೂಪ. ನಿಪ್ಪಾಣಿ ತಾಲೂಕಿನ ಭೋಜದಲ್ಲಿ ಬೆಳೆದ ಆಚಾರ್ಯ ಶಾಂತಿಸಾಗರರು 1955ರಲ್ಲಿ ಕುಂಥಲಗಿರಿಯಲ್ಲಿ 36 ದಿನಗಳ ಸಲ್ಲೇಖನದಿಂದ, ಅಂದರೆ ಅನ್ನ ನೀರು ತೊರೆಯುವ ಜೈನ ವ್ರತದಿಂದ, ದೇಹ ಬಿಟ್ಟರು. ಕಾಗವಾಡ ತಾಲೂಕಿನ ಶೇಡಬಾಳದಲ್ಲಿ ಹುಟ್ಟಿದ ಆಚಾರ್ಯ ವಿದ್ಯಾನಂದರು 2019ರಲ್ಲಿ ದೆಹಲಿಯಲ್ಲಿ, ಚಿಕ್ಕೋಡಿ ತಾಲೂಕಿನ ಸದಲಗಾದಲ್ಲಿ ಹುಟ್ಟಿದ ಆಚಾರ್ಯ ವಿದ್ಯಾಸಾಗರರು 2024ರ ಫೆಬ್ರವರಿ 18ರಂದು ಡೋಂಗರಗಢದಲ್ಲಿ ಹೀಗೆಯೇ ಸಮಾಧಿ ಹೊಂದಿದರು. ಕನ್ನಡದ ಅತಿ ಹಳೆಯ ಗದ್ಯಕೃತಿಗಳಲ್ಲಿ ಒಂದಾದ ವಡ್ಡಾರಾಧನೆಯ 19 ಕಥೆಗಳೂ ಸಾವನ್ನು ಎದುರುಗೊಂಡವರ ಕಥೆಗಳೇ. ಆ ಕಥೆಗಳ ಹಿಂದಿರುವ ಭಗವತೀ ಆರಾಧನೆ ಎಂಬ ಪ್ರಾಕೃತ ಗ್ರಂಥದಲ್ಲಿ ನನ್ನನ್ನು ಬಹಳ ಹಿಡಿದು ನಿಲ್ಲಿಸಿದ ಒಂದು ಏರ್ಪಾಡಿದೆ. ಸಲ್ಲೇಖನ ಹಿಡಿದವನ ಸೇವೆಗೆ 48 ಮಂದಿ ನಿರ್ಯಾಪಕರು. ಅವರಲ್ಲಿ ಕೆಲಸ ಹಂಚಿಕೆ ಇದೆ: ಹೊರಳಿಸಲು, ಎಬ್ಬಿಸಿ ಕೂರಿಸಲು ಕೆಲವರು, ಧರ್ಮದ ಮಾತು ಹೇಳಲು ಕೆಲವರು, ಆಹಾರ ನೀರು ನೋಡಿಕೊಳ್ಳಲು ಕೆಲವರು, ಬಾಗಿಲು ಕಾಯಲು ಕೆಲವರು. ಒಬ್ಬ ಮನುಷ್ಯ ಸಾಯುವುದಕ್ಕೆ ಒಂದು ತಂಡ ಬೇಕು, ತಂಡಕ್ಕೆ ಪಾಳಿ ಬೇಕು ಎಂಬ ತಿಳಿವು ಅಲ್ಲಿ ಆಗಲೇ ಇತ್ತು.

ಒಂದು ವ್ಯತ್ಯಾಸವನ್ನು ಮಾತ್ರ ಗಟ್ಟಿಯಾಗಿ ಹೇಳಿಬಿಡಬೇಕು. ಸಲ್ಲೇಖನ ಒಂದು ವ್ರತ. ಅದರ ಕಾನೂನು ಪ್ರಶ್ನೆ ಬೇರೆಯೇ ಇದೆ. ರಾಜಸ್ಥಾನ ಹೈಕೋರ್ಟ್ 2015ರ ಆಗಸ್ಟ್‌ನಲ್ಲಿ ಅದನ್ನು ನಿಷೇಧಿಸಿತು, ಅದೇ ತಿಂಗಳ ಕೊನೆಗೆ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ನಾನು ಬರೆಯುತ್ತಿರುವ ಉಪಶಮನ ಆರೈಕೆ, ಅಂದರೆ ಪ್ಯಾಲಿಯೇಟಿವ್ ಕೇರ್, ಸಾವನ್ನು ಮುಂದೂಡುವುದೂ ಇಲ್ಲ, ಮುಂಚೆ ತರುವುದೂ ಇಲ್ಲ. ಇರುವಷ್ಟು ದಿನ ನೋವಿಲ್ಲದೆ ಇರುವಂತೆ ನೋಡಿಕೊಳ್ಳುತ್ತದೆ.

ಅದು ಮನೆಯಲ್ಲಿ ಹೇಗೆ ನಡೆಯುತ್ತದೆ ಎಂಬುದಕ್ಕೆ ಒಂದು ಮನೆಯನ್ನು ಕಣ್ಣಮುಂದೆ ತಂದುಕೊಳ್ಳೋಣ. ರಾಯಬಾಗ ತಾಲೂಕಿನ ಒಂದು ಹಳ್ಳಿ, ಕಬ್ಬು ಬೆಳೆಯುವ ಮನೆ, ಐವತ್ತೆಂಟರ ಯಜಮಾನ, ತಂಬಾಕು ತಿಂದು ಬಂದ ಬಾಯಿಯ ಕ್ಯಾನ್ಸರ್. ತಂಬಾಕನ್ನೇ ನಂಬಿದ ನಿಪ್ಪಾಣಿ ಸೀಮೆಯ ಸುತ್ತ ಈ ಕಾಯಿಲೆಯ ಹೆಸರು ಯಾರಿಗೂ ಹೊಸದಲ್ಲ. ಗದ್ದದ ಕೆಳಗೆ ಹುಣ್ಣು ಒಡೆದಿದೆ. ವಾಸನೆಗೆ ಮೊಮ್ಮಕ್ಕಳನ್ನು ಹತ್ತಿರ ಬಿಡುವುದಿಲ್ಲ. ಅವನನ್ನು ದನದ ಕೊಟ್ಟಿಗೆಯ ಪಕ್ಕದ ಕೋಣೆಗೆ ಹಾಕಿದ್ದಾರೆ. ಮನೆಯವರು ಕಟುಕರೇನಲ್ಲ, ಏನು ಮಾಡಬೇಕೆಂದು ಅವರಿಗೆ ತಿಳಿದಿಲ್ಲ.

ತರಬೇತಾದ ನರ್ಸ್ ಒಬ್ಬಳು ಈ ಮನೆಗೆ ಬಂದರೆ ಮೊದಲು ಅವನ ಪಕ್ಕದಲ್ಲಿ ಕೂರುತ್ತಾಳೆ. ನಿಂತು ಮಾತಾಡಿದ ಐದು ನಿಮಿಷಕ್ಕೂ ಕೂತು ಮಾತಾಡಿದ ಐದು ನಿಮಿಷಕ್ಕೂ ರೋಗಿಯ ಪಾಲಿಗೆ ಬಹಳ ಫರಕಿದೆ. ಇದೂ ಪಾಠದ ಒಂದು ಭಾಗ. ಆಮೇಲೆ ಹುಣ್ಣು. ಉಪ್ಪುನೀರು ಕಾಯಿಸಿ ಆರಿಸಿ ತೊಳೆಯುವುದು, ವಾಸನೆ ಹುಟ್ಟಿಸುವ ಸೂಕ್ಷ್ಮಜೀವಿಗಳಿಗೆ ಮೆಟ್ರೊನಿಡಜೋಲ್ ಮಾತ್ರೆಯ ಪುಡಿ ಉದುರಿಸುವುದು, ಮೇಲೆ ಮೆತ್ತನೆಯ ಹಳೆಯ ನೂಲಿನ ಬಟ್ಟೆ. ಹುಣ್ಣು ವಾಸಿಯಾಗುವುದಿಲ್ಲ, ಆದರೆ ಕೆಲವೇ ದಿನಗಳಲ್ಲಿ ವಾಸನೆ ಇಳಿಯುತ್ತದೆ. ವಾಸನೆ ಇಳಿದ ಮೇಲೆ ಮೊಮ್ಮಕ್ಕಳು ಬರುತ್ತಾರೆ. ಹೆಂಡತಿಗೆ ಇದನ್ನೆಲ್ಲ ಕಲಿಸಿದರೆ ನಾಳೆಯಿಂದ ಅವಳೇ ಮಾಡಿಕೊಳ್ಳುತ್ತಾಳೆ.

ನಂತರ ನೋವು. ಕ್ಯಾನ್ಸರ್ ನೋವಿಗೆ ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲೇ ಮೆಟ್ಟಿಲು ಮೆಟ್ಟಿಲಾಗಿ ಔಷಧಿ ಕೊಡುವ ಕ್ರಮ ಹೇಳಿತು. ಅದರ ಮೇಲಿನ ಮೆಟ್ಟಿಲು ಮಾರ್ಫಿನ್, ಬಾಯಿಂದ ನುಂಗುವ ಸಣ್ಣ ಮಾತ್ರೆ, ಸಾಮಾನ್ಯವಾಗಿ ನಾಲ್ಕು ತಾಸಿಗೊಮ್ಮೆ. ಕೇಳಿದೊಡನೆ ಮನೆಯವರು ಹಿಂಜರಿಯುತ್ತಾರೆ: “ಚಟಾ ಹತ್ತತೈತಲ್ರಿ ಸಿಸ್ಟರ್.” ನೋವಿಗೆಂದು, ವೈದ್ಯರ ಲೆಕ್ಕದಲ್ಲಿ, ಹೊತ್ತಿಗೆ ಸರಿಯಾಗಿ ಕೊಟ್ಟ ಮಾರ್ಫಿನ್ ಚಟ ಹಿಡಿಸುವುದು ಬಹಳ ಅಪರೂಪ. ಹಿಡಿಸುವುದು ಮಲಬದ್ಧತೆ. ಅದಕ್ಕೆ ಮೊದಲ ದಿನದಿಂದಲೇ ಮಲ ಸಡಿಲಿಸುವ ಔಷಧಿ ಜೊತೆಗೆ ಕೊಡಬೇಕು. ನೋವು ಬಂದ ಮೇಲೆ ಕೊಡುವುದಲ್ಲ, ಬರುವ ಮುಂಚೆ ಗಡಿಯಾರ ನೋಡಿ ಕೊಡುವುದು. ಓದು ಬರದ ಮನೆಯಾದರೆ ಕಾಗದದ ಮೇಲೆ ಸೂರ್ಯ, ಚಂದ್ರ, ರೊಟ್ಟಿಯ ಚಿತ್ರ ಬರೆದು ಹೊತ್ತು ತೋರಿಸಬೇಕಾಗುತ್ತದೆ.

ಆ ಮಾತ್ರೆ ನಮ್ಮ ತಾಲೂಕಿನ ಔಷಧಿ ಅಂಗಡಿಯಲ್ಲಿ ಯಾಕೆ ಸಿಗುವುದಿಲ್ಲ? ಅಫೀಮು ಬೆಳೆದು ಜಗತ್ತಿಗೆ ಕೊಡುವ ದೇಶ ನಮ್ಮದು. ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶಗಳಲ್ಲಿ ಸರಕಾರದ ಪರವಾನಗಿಯಿಂದ ಬೆಳೆಯುತ್ತಾರೆ. ಆದರೆ 1985ರ ಮಾದಕ ದ್ರವ್ಯ ಕಾಯ್ದೆ ಎಷ್ಟು ಬಿಗಿಯಾಗಿತ್ತೆಂದರೆ ಆಸ್ಪತ್ರೆಗಳು ಹಲವು ಪರವಾನಗಿಗಳ ಗೋಜೇ ಬೇಡವೆಂದು ಮಾರ್ಫಿನ್ ಇಡುವುದನ್ನೇ ಬಿಟ್ಟವು. 2014ರಲ್ಲಿ ಕಾಯ್ದೆ ತಿದ್ದಿದರು. ಈಗ ತರಬೇತಿ ಪಡೆದ ವೈದ್ಯರಿರುವ ಆಸ್ಪತ್ರೆ ರಾಜ್ಯದ ಔಷಧ ನಿಯಂತ್ರಣಾಧಿಕಾರಿಯಿಂದ ‘ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆ’ ಎಂಬ ಒಂದೇ ಅನುಮತಿ ಪಡೆದರೆ ಸಾಕು. ದಾಸ್ತಾನು, ಕೊಟ್ಟದ್ದು, ಉಳಿದದ್ದು ಎಲ್ಲದಕ್ಕೂ ರಿಜಿಸ್ಟರ್ ಇಡಬೇಕು. ಅಡ್ಡಿಯಾಗಿ ಉಳಿದಿರುವುದು ಆ ಅರ್ಜಿ ಹಾಕುವ, ಆ ರಿಜಿಸ್ಟರ್ ಇಡುವ, ಒಬ್ಬ ವೈದ್ಯರನ್ನು ತರಬೇತಿಗೆ ಕಳಿಸುವ ಮನುಷ್ಯ ಇಲ್ಲದಿರುವುದು. ಅಂಥ ಮನುಷ್ಯನಾಗುವುದೂ ಈ ಓದಿನ ಒಂದು ಗುರಿ.

ಮೂರನೆಯದು ಮಾತು. “ಅವ್ರಿಗೆ ಹೇಳಬ್ಯಾಡ್ರಿ, ಎದಿ ಒಡ್ಕೊಳ್ಳತಾರ” ಎಂದು ಬಾಗಿಲಲ್ಲೇ ಮಗ ಕೈಮುಗಿಯುತ್ತಾನೆ. ಒಳಗೆ ಅಪ್ಪ, “ನನಗ ಎಲ್ಲಾ ತಿಳದೈತಿ, ಹುಡುಗ್ರಿಗೆ ಹೇಳಬ್ಯಾಡವಾ, ಅಂಜತಾವ” ಅನ್ನುತ್ತಾನೆ. ಒಂದೇ ಸೂರಿನಡಿ ಇಬ್ಬರೂ ಒಬ್ಬರನ್ನೊಬ್ಬರು ಕಾಯುತ್ತ ದೂರವಾಗಿದ್ದಾರೆ. ಇಲ್ಲಿ ತರಬೇತಿ ಕಲಿಸುವುದು ಸತ್ಯವನ್ನು ಮುಖಕ್ಕೆ ಎಸೆಯುವುದನ್ನಲ್ಲ. “ನಿಮಗ ಏನ ಅನಸಾಕ್ಹತ್ತೈತ್ರೀ ಕಾಕಾ?” ಎಂದು ಕೇಳಿ ಸುಮ್ಮನಿರುವುದನ್ನು. ಎಷ್ಟು ಗೊತ್ತಿದೆ, ಎಷ್ಟು ಗೊತ್ತಾಗಬೇಕೆಂದು ಅವನಿಗಿದೆ ಎಂಬುದನ್ನು ಅವನ ಬಾಯಿಂದಲೇ ತಿಳಿದು, ಆಮೇಲೆ ಒಂದೊಂದೇ ಮೆಟ್ಟಿಲು ಇಳಿಯುವುದು. ಹೊಲದ ವಾಟ್ನಿ, ಸೊಸಾಯಿಟಿ ಸಾಲ, ಮಗಳ ಮದುವೆ ಇವು ಅವನ ಎದೆಯ ಮೇಲಿನ ಕಲ್ಲುಗಳು. ಮಾತು ಬಿಚ್ಚಿಕೊಂಡರೆ ಅವನ್ನು ಇಳಿಸಲು ಇನ್ನೂ ವೇಳೆ ಇರುತ್ತದೆ. ನಮ್ಮ ಸೀಮೆಯಲ್ಲಿ ಈ ಮಾತು ಕನ್ನಡದಲ್ಲಿ ಶುರುವಾಗಿ ಮರಾಠಿಗೆ ಹೊರಳಬಹುದು, ಮುಂದಿನ ಮನೆಯಲ್ಲಿ ಉರ್ದು ಇರಬಹುದು. ನೋವಿನಲ್ಲಿರುವವನು ತಾಯಿಯ ಭಾಷೆಗೇ ಮರಳುತ್ತಾನೆ. ಇಲ್ಲಿ ಈ ಕೆಲಸ ಮಾಡುವವರಿಗೆ ಎರಡು ಭಾಷೆ ಬೇಕೇ ಬೇಕು.

ಸಾವಿನ ನಂತರದ್ದು ಇನ್ನೊಂದು ಅಧ್ಯಾಯ. ದುಃಖದ ಅಧ್ಯಯನ ಎಂದೊಡನೆ ಹಲವರು ಎಲಿಜಬೆತ್ ಕ್ಯೂಬ್ಲರ್-ರಾಸ್ ಅವರ ಐದು ಹಂತಗಳನ್ನು ಒಪ್ಪಿಸುತ್ತಾರೆ. ಆ ಹಂತಗಳನ್ನು ಹೇಳಿದ ಅವರ 1969ರ ಪುಸ್ತಕ ಮುಖ್ಯವಾಗಿ ಸಾಯುತ್ತಿದ್ದವರ ಜೊತೆಗಿನ ಮಾತುಕತೆಯಿಂದ ಹುಟ್ಟಿದ್ದು. ಅಗಲಿಕೆಯಲ್ಲಿರುವವರು ಐದು ಮೆಟ್ಟಿಲನ್ನು ಸಾಲಾಗಿ ಹತ್ತುತ್ತಾರೆ ಎಂಬುದಕ್ಕೆ ಗಟ್ಟಿ ಆಧಾರ ಸಿಕ್ಕಿಲ್ಲ. ನನಗೆ ನಮ್ಮ ಊರುಗಳಿಗೆ ಹೆಚ್ಚು ಹೊಂದುವಂತೆ ಕಾಣುವುದು ನೆದರ್ಲೆಂಡ್ಸಿನ ಸ್ಟ್ರೋಬ್ ಮತ್ತು ಶುಟ್ 1999ರಲ್ಲಿ ಮಂಡಿಸಿದ್ದು. ದುಃಖದಲ್ಲಿರುವವರು ಎರಡು ಕಡೆ ತೂಗುತ್ತಿರುತ್ತಾರೆ, ಒಮ್ಮೆ ಕಳೆದುಕೊಂಡದ್ದರ ಕಡೆ, ಒಮ್ಮೆ ಮುಂದಿನ ಬದುಕಿನ ಕಡೆ. ಗಂಡ ಸತ್ತು ಹದಿನೈದು ದಿನಕ್ಕೇ ಕಳೆ ತೆಗೆಯಲು ಹೋದವಳನ್ನು ಕಂಡು “ಕಲ್ಲ ಮನಸಿನಾಕಿ” ಅನ್ನುವವರಿದ್ದಾರೆ. ಆಕೆ ಹೊಲದಲ್ಲಿ ತೂಗುಯ್ಯಾಲೆಯ ಆ ತುದಿಯಲ್ಲಿದ್ದಾಳೆ, ರಾತ್ರಿ ಈ ತುದಿಗೆ ಬರುತ್ತಾಳೆ. ಎರಡೂ ಬೇಕು.

ಇನ್ನು ನಮ್ಮ ಆಚರಣೆಗಳು. ರಾತ್ರಿಯಿಡೀ ಭಜನೆ, ಹೆಂಗಸರು ಸತ್ತವರ ಗುಣ ಎಣಿಸಿ ಹಾಡಿಕೊಂಡು ಅಳುವುದು, ಮಣ್ಣು ಕೊಟ್ಟ ಮೇಲೆ ಶಿವಗಣಾರಾಧನೆ, ಮರಾಠಿ ಮನೆಗಳ ಹತ್ತನೆಯ ದಿನ, ಮುಸ್ಲಿಂ ಮನೆಗಳ ನಲವತ್ತನೆಯ ದಿನ, ದೂರದೂರಿಂದ ‘ಮಾತಾಡಿಸಾಕ’ ಬರುವ ಬೀಗರು. ಇವು ಅಳುವುದಕ್ಕೆ ವೇಳೆಯನ್ನೂ ಜಾಗವನ್ನೂ ಕೊಟ್ಟಿವೆ. ಪಶ್ಚಿಮದ ವಿಶ್ವವಿದ್ಯಾಲಯಗಳು ಹೊಸದಾಗಿ ಕಟ್ಟಲು ಹೆಣಗುತ್ತಿರುವ ಸಮುದಾಯ ಇಲ್ಲಿ ಮೊದಲೇ ಇದೆ. ತೊಡಕು ಬರುವುದು ಮಂದಿ ತಿರುಗಿ ಹೋದ ಮೇಲೆ, ಎರಡನೆಯ ತಿಂಗಳಿಗೆ. ಆಗ ಬಾಗಿಲು ಬಡಿಯುವವರಿಲ್ಲ. ಆದ್ದರಿಂದ ಒಳ್ಳೆಯ ಆರೈಕೆ ಘಟಕಗಳು ಸಾವಿನೊಂದಿಗೆ ಫೈಲು ಮುಚ್ಚುವುದಿಲ್ಲ. ಕೆಲವು ವಾರದ ನಂತರ ಒಮ್ಮೆ, ಕೆಲವು ತಿಂಗಳ ನಂತರ ಒಮ್ಮೆ, ವರ್ಷದ ದಿನಕ್ಕೆ ಒಮ್ಮೆ ಹೋಗಿ ಬರುತ್ತವೆ ಅಥವಾ ಫೋನು ಮಾಡುತ್ತವೆ. ದುಃಖ ಕಾಯಿಲೆಯಲ್ಲ. ಆದರೆ ಅದು ಬಹಳ ಕಾಲ ಇಳಿಯದೆ ಬದುಕನ್ನೇ ನಿಲ್ಲಿಸಿಬಿಟ್ಟರೆ ಚಿಕಿತ್ಸೆ ಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿ ಕನಿಷ್ಠ ಆರು ತಿಂಗಳ ಗಡಿ ಇಟ್ಟಿದೆ, ಅಮೆರಿಕದ ಮನೋವೈದ್ಯರ 2022ರ ಕೈಪಿಡಿ ದೊಡ್ಡವರಿಗೆ ಹನ್ನೆರಡು ತಿಂಗಳು. ಯಾರ ದುಃಖವನ್ನು ಹಾಗೇ ಬಿಡಬೇಕು, ಯಾರನ್ನು ಮನೋವೈದ್ಯರ ಬಳಿ ಕಳಿಸಬೇಕು ಎಂದು ಗುರುತಿಸುವುದು ಈ ಓದಿನ ನಿಜವಾದ ಪರೀಕ್ಷೆ.

ಎಲ್ಲರ ದುಃಖಕ್ಕೂ ಊರು ಜಾಗ ಕೊಡುವುದಿಲ್ಲ ಎಂಬುದನ್ನೂ ಹೇಳಲೇಬೇಕು. ಕೆನ್ನೆತ್ ಡೋಕಾ ಎಂಬ ವಿದ್ವಾಂಸ 1989ರಲ್ಲಿ ಇದಕ್ಕೊಂದು ಹೆಸರು ಕೊಟ್ಟರು. ಅರ್ಥ ಸುಮಾರಾಗಿ ‘ಹಕ್ಕು ಸಿಗದ ದುಃಖ’. ದೇವದಾಸಿ ಪದ್ಧತಿಯನ್ನು ಕರ್ನಾಟಕದ ಕಾಯ್ದೆ 1982ರಲ್ಲೇ ನಿಷೇಧಿಸಿದ್ದರೂ ಅದರ ಬಲೆಗೆ ಬಿದ್ದು ಬದುಕಿದ ಹಿರಿಯ ಹೆಂಗಸರು ನಮ್ಮ ಸೀಮೆಯಲ್ಲಿದ್ದಾರೆ. ಮೂವತ್ತು ವರ್ಷ ಜೊತೆಗಿದ್ದವನು ಸತ್ತಾಗ ಅವನ ಅಂಗಳಕ್ಕೆ ಹೋಗಿ ಅಳುವ ಹಕ್ಕು ಅವರಿಗಿಲ್ಲ. ಸಾಲಕ್ಕೆ ಹೆದರಿ ಜೀವ ಕಳೆದುಕೊಂಡ ರೈತನ ಹೆಂಡತಿಗೆ ಅಳುವುದಕ್ಕಿಂತ ಮುಂಚೆ ವಿಚಾರಣೆ. ಕಬ್ಬು ಕಡಿಯುವ ಗ್ಯಾಂಗಿನೊಂದಿಗೆ ಬಂದು ಗುಡಿಸಲಲ್ಲಿ ಮಗು ಕಳೆದುಕೊಂಡವಳಿಗೆ ಮರುದಿನವೇ ಕೊಯ್ತ. 2020 ಮತ್ತು 21ರ ಕೋವಿಡ್ ಕಾಲದಲ್ಲಿ ಮುಖವನ್ನೂ ನೋಡದೆ ಮಣ್ಣು ಮಾಡಬೇಕಾಗಿ ಬಂದ ಮನೆಗಳಲ್ಲಿ ಇಂದಿಗೂ ಆ ಮಾತು ಬಂದರೆ ಗಂಟಲು ಕಟ್ಟುತ್ತದೆ. ಓದಿ ಬಂದವರು ಮೊದಲು ಹೋಗಬೇಕಾದ್ದು ಇಂಥ ಮನೆಗಳಿಗೆ.

ಈಗ ಪದವಿಗಳ ವಿಚಾರ.

ಎಂ.ಬಿ.ಬಿ.ಎಸ್. ಆದವರಿಗೆ ಮೂರು ವರ್ಷದ ಎಂ.ಡಿ. ಪ್ಯಾಲಿಯೇಟಿವ್ ಮೆಡಿಸಿನ್ ಇದೆ. ಮುಂಬೈನ ಟಾಟಾ ಮೆಮೋರಿಯಲ್‌ನಲ್ಲಿ 2012ರಲ್ಲಿ ಶುರುವಾಯಿತು. ಕರ್ನಾಟಕದಲ್ಲಿ ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜಿನಲ್ಲಿ ಇದಕ್ಕೆ ಪ್ರತ್ಯೇಕ ವಿಭಾಗವಿದೆ. ಪ್ರವೇಶ ನೀಟ್-ಪಿಜಿ ಮೂಲಕ, ಏಮ್ಸ್‌ಗಾದರೆ ಐಎನ್‌ಐ-ಸಿಇಟಿ. ಸೀಟುಗಳು ಬೆರಳೆಣಿಕೆಯಷ್ಟು. ತಾಲೂಕಿನಲ್ಲೇ ದವಾಖಾನೆ ಇಟ್ಟುಕೊಂಡಿರುವ ವೈದ್ಯರು ಅದನ್ನು ಮುಚ್ಚಿ ಮೂರು ವರ್ಷ ಹೋಗಲಾರರು. ಅವರಿಗೆ ಭಾರತೀಯ ಪ್ಯಾಲಿಯೇಟಿವ್ ಕೇರ್ ಸಂಘದ ಕೆಲವು ವಾರಗಳ ದೂರಶಿಕ್ಷಣ ಸರ್ಟಿಫಿಕೇಟ್ ಇದೆ. ತಿರುವನಂತಪುರದ ಪಾಲಿಯಂ ಇಂಡಿಯಾ, ಕೋಳಿಕ್ಕೋಡಿನ ಇನ್‌ಸ್ಟಿಟ್ಯೂಟ್ ಆಫ್ ಪ್ಯಾಲಿಯೇಟಿವ್ ಮೆಡಿಸಿನ್‌ಗಳಲ್ಲಿ ಅಲ್ಲಿಯೇ ಇದ್ದು ಕಲಿಯುವ ಕೋರ್ಸುಗಳೂ ಇವೆ.

ನರ್ಸಿಂಗ್ ಓದಿದವರ ದಾರಿ ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ. ಆಯುಷ್ಮಾನ್ ಆರೋಗ್ಯ ಮಂದಿರಗಳಲ್ಲಿ ಕೊಡಬೇಕಾದ ಹನ್ನೆರಡು ಸೇವೆಗಳ ಪಟ್ಟಿಯಲ್ಲಿ ಹಿರಿಯರ ಆರೈಕೆಯ ಜೊತೆ ಉಪಶಮನ ಆರೈಕೆಯೂ ಸೇರಿದೆ. ಅಲ್ಲಿರುವ ಸಮುದಾಯ ಆರೋಗ್ಯ ಅಧಿಕಾರಿ ಸಾಮಾನ್ಯವಾಗಿ ನರ್ಸಿಂಗ್ ಓದಿದವರು. ಅಂದರೆ ಹುದ್ದೆ ಇದೆ, ಸೇವೆ ಕಾಗದದ ಮೇಲಿದೆ, ಆಶಾ ಕಾರ್ಯಕರ್ತೆಯರಿಗೆ ಹಾಸಿಗೆ ಹಿಡಿದವರ ಮನೆ ಯಾವುದೆಂದು ಗೊತ್ತಿದೆ. ಎಂ.ಎಸ್ಸಿ. ನರ್ಸಿಂಗ್ ಮಾಡುವವರು ತಮ್ಮ ಪ್ರಬಂಧಕ್ಕೆ ಈ ವಿಷಯವನ್ನೇ ಆರಿಸಿಕೊಳ್ಳಬಹುದು. ಕೆಎಲ್‌ಇಯ ಕ್ಯಾನ್ಸರ್ ಆಸ್ಪತ್ರೆಯನ್ನು 2025ರ ಜನವರಿ 3ರಂದು ರಾಷ್ಟ್ರಪತಿ ದ್ರೌಪದಿ ಮುರ್ಮು ಬೆಳಗಾವಿಯಲ್ಲಿ ಉದ್ಘಾಟಿಸಿದ ಮೇಲೆ ರೋಗಿಗಳೂ ಕಲಿಕೆಯೂ ಹತ್ತಿರ ಬಂದಿವೆ.

ಬಿ.ಎ., ಬಿ.ಎಸ್.ಡಬ್ಲ್ಯೂ., ಬಿ.ಕಾಂ. ಓದಿದವರಿಗೆ ಸಮಾಜಕಾರ್ಯದ ಎಂ.ಎಸ್.ಡಬ್ಲ್ಯೂ. ಇದೆ. ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಬೆಳಗಾವಿಯಲ್ಲಿದೆ, ಕರ್ನಾಟಕ ವಿಶ್ವವಿದ್ಯಾಲಯ ಧಾರವಾಡದಲ್ಲಿದೆ. ನಿಪ್ಪಾಣಿಯವರಿಗೆ ಕೊಲ್ಹಾಪುರದ ಸೈಬರ್ ಸಂಸ್ಥೆ ಇನ್ನೂ ಹತ್ತಿರ. ವೈದ್ಯಕೀಯ ಮತ್ತು ಮನೋವೈದ್ಯಕೀಯ ಸಮಾಜಕಾರ್ಯವನ್ನು ವಿಶೇಷ ವಿಷಯವಾಗಿ ಎಲ್ಲಿ ಕಲಿಸುತ್ತಾರೆಂದು ಮೊದಲು ವಿಚಾರಿಸಿ. ಎಂ.ಎಸ್.ಡಬ್ಲ್ಯೂ.ನ ಸತ್ವ ಇರುವುದು ಕ್ಷೇತ್ರಕಾರ್ಯದಲ್ಲಿ. ಅದನ್ನು ಎಲ್ಲಿ ಮಾಡಿದಿರಿ ಎಂಬುದು ಅಂಕಪಟ್ಟಿಗಿಂತ ದೊಡ್ಡದು. ಬೆಂಗಳೂರಿನ ಕರುಣಾಶ್ರಯ 1999ರಿಂದ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ದುಡ್ಡು ಪಡೆಯದೆ ನೋಡಿಕೊಳ್ಳುತ್ತಿದೆ, ತರಬೇತಿಯನ್ನೂ ಕೊಡುತ್ತದೆ. ಪುಣೆಯ ವಾರ್ಜೆಯಲ್ಲಿರುವ ಸಿಪ್ಲಾ ಕೇಂದ್ರವೂ ಉಚಿತವೇ. ನಿಪ್ಪಾಣಿಯಲ್ಲಿ ಹೆದ್ದಾರಿ ಹಿಡಿದರೆ ನೇರ ದಾರಿ. ಇಂಥ ಕಡೆ ಒಂದು ತಿಂಗಳು ಇದ್ದು ಬಂದ ವಿದ್ಯಾರ್ಥಿ ತರಗತಿಯಲ್ಲಿ ಎರಡು ವರ್ಷ ಸಿಗದ್ದನ್ನು ತಂದಿರುತ್ತಾನೆ.

ಮನಃಶಾಸ್ತ್ರದ ದಾರಿ ಹಿಡಿಯುವವರಿಗೆ ಒಂದು ಎಚ್ಚರಿಕೆ. ಮನೆಯಲ್ಲೇ ಕೂತು ದೂರಶಿಕ್ಷಣದಲ್ಲಿ ಎಂ.ಎ. ಮನಃಶಾಸ್ತ್ರ ಮಾಡಿ ಕೌನ್ಸೆಲರ್ ಆಗುವ ಯೋಚನೆ ಇದ್ದರೆ ಬಿಡಿ. 2025ರ ಜುಲೈ–ಆಗಸ್ಟ್ ಸಾಲಿನಿಂದ ಮನಃಶಾಸ್ತ್ರ ಸೇರಿದಂತೆ ಕೆಲವು ವಿಷಯಗಳಿಗೆ ದೂರಶಿಕ್ಷಣ ಮತ್ತು ಆನ್‌ಲೈನ್ ಪ್ರವೇಶವನ್ನು ಯುಜಿಸಿ ನಿಲ್ಲಿಸಿದೆ. ಬರಿಯ ಎಂ.ಎ. ಇದ್ದವರು ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಹಾಕಿಕೊಳ್ಳುವಂತೆಯೂ ಇಲ್ಲ. ಅದಕ್ಕೆ ಭಾರತೀಯ ಪುನರ್ವಸತಿ ಪರಿಷತ್ತು ಮಾನ್ಯ ಮಾಡಿದ ಕೋರ್ಸು ಬೇಕು.

ಹೊರದೇಶದ ಪದವಿಗಳಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನ ಸಿಸಿಲಿ ಸಾಂಡರ್ಸ್ ಸಂಸ್ಥೆ ಹೆಸರಾಂತದ್ದು. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯ ಆನ್‌ಲೈನಿನಲ್ಲೇ ಪ್ಯಾಲಿಯೇಟಿವ್ ಕೇರ್ ಸ್ನಾತಕೋತ್ತರ ಪದವಿ ಕೊಡುತ್ತದೆ. ಇವು ಖರ್ಚಿನವು. ಹಣ ಕಟ್ಟುವ ಮುನ್ನ ಆ ಪದವಿಗೆ ಇಲ್ಲಿ ಮಾನ್ಯತೆ ಉಂಟೇ, ಅದರಲ್ಲಿ ರೋಗಿಯ ಬಳಿ ಕೂರುವ ಅಭ್ಯಾಸ ಎಷ್ಟು ತಾಸು ಎಂದು ಕೇಳಿ. ಒಬ್ಬ ರೋಗಿಯನ್ನೂ ನೋಡದೆ ಮುಗಿಯುವ ಕೋರ್ಸಿಗೆ ಸಾಲ ಮಾಡಿ ಹೋಗಬೇಡಿ ಎಂದೇ ನನ್ನ ಅಭಿಪ್ರಾಯ.

ಓದು ಮುಗಿಸಿ ತಾಲೂಕಿಗೆ ಬಂದವರ ಮುಂದಿನ ಕೆಲಸ ಲೆಕ್ಕದ್ದು. ಒಬ್ಬ ನರ್ಸ್, ಒಂದು ಗಾಡಿ, ಇಬ್ಬರು ಸ್ವಯಂಸೇವಕರು. ದಿನಕ್ಕೆ ಆರು ಮನೆ ಎಂದರೆ ವಾರದ ಐದು ದಿನಕ್ಕೆ 30. ಪ್ರತಿ ಮನೆಗೆ ಎರಡು ವಾರಕ್ಕೊಮ್ಮೆ ಹೋದರೆ ಒಂದು ಗಾಡಿಗೆ 60 ರೋಗಿಗಳು. ಅಥಣಿಯಂಥ ಹರಡಿಕೊಂಡ ತಾಲೂಕಿನಲ್ಲಿ ಆರು ಮನೆ ಆಗಲಿಕ್ಕಿಲ್ಲ. ಸಕ್ಕರೆ ಕಾರ್ಖಾನೆ ಶುರುವಾದ ಮೇಲೆ ಜೋಡಿ ಟ್ರೇಲರಿನ ಟ್ರ್ಯಾಕ್ಟರುಗಳ ಹಿಂದೆ ಇನ್ನೂ ಕಡಿಮೆ. ಮಳೆಗಾಲದಲ್ಲಿ ಕೃಷ್ಣಾ, ದೂಧಗಂಗಾ, ವೇದಗಂಗಾ ಏರಿ ಕಲ್ಲೋಳ–ಯಡೂರ, ಕಾರದಗಾ–ಭೋಜದಂಥ ಕೆಳಮಟ್ಟದ ಸೇತುವೆಗಳು ಮುಳುಗುತ್ತವೆ. ಆಚೆ ದಂಡೆಯ ರೋಗಿಯ ಮಾತ್ರೆ ನೀರು ಬರುವ ಮುಂಚೆಯೇ ಆ ಮನೆ ಸೇರಿರಬೇಕು. ಮಿರಜದಲ್ಲಿ ಚಿಕಿತ್ಸೆ ಪಡೆದು ಕಾಗವಾಡಕ್ಕೆ ಮರಳಿದವನ ಕಾಗದ ಮಹಾರಾಷ್ಟ್ರದ್ದು, ಮಾತ್ರೆ ಕೊಡಬೇಕಾದ್ದು ಕರ್ನಾಟಕದ ಕೇಂದ್ರ. ಆ ಎರಡು ದವಾಖಾನೆಗಳ ನಡುವೆ ಒಂದು ಪತ್ರದ ಪದ್ಧತಿ ಹಾಕಿಕೊಡುವುದೂ ಇವರದೇ ಕೆಲಸ.

ಸ್ವಯಂಸೇವಕರ ವಿಚಾರದಲ್ಲಿ ಕೇರಳ ದಾರಿ ತೋರಿದೆ. ಡಾ. ಎಂ.ಆರ್. ರಾಜಗೋಪಾಲ್ ಮತ್ತು ಸಂಗಡಿಗರು 1993ರಲ್ಲಿ ಕೋಳಿಕ್ಕೋಡಿನಲ್ಲಿ ಸಣ್ಣದಾಗಿ ಶುರುಮಾಡಿದ್ದು, ಮುಂದೆ ಮಲಪ್ಪುರಂ ಸುತ್ತ ಊರವರೇ ನಡೆಸುವ ಜಾಲವಾಯಿತು. ಅಲ್ಲಿ ಸ್ವಯಂಸೇವಕರಿಗೆ 16 ತಾಸಿನ ಪಾಠ, ಆಮೇಲೆ ರೋಗಿಗಳ ಮನೆಯಲ್ಲಿ ಅಭ್ಯಾಸ. 2008ರಲ್ಲಿ ಕೇರಳ ಸರಕಾರವೇ ನೀತಿ ಮಾಡಿತು, ಕರ್ನಾಟಕ 2016ರಲ್ಲಿ. ನೀತಿ ನಮ್ಮಲ್ಲೂ ಇದೆ ಎಂಬುದನ್ನು ತಾಲೂಕು ಆರೋಗ್ಯಾಧಿಕಾರಿಯ ಮೇಜಿನ ಮೇಲಿಟ್ಟು ಕೇಳುವವರು ಬೇಕು.

ಕಾನೂನಿನ ತಿಳಿವಳಿಕೆಯೂ ಬೇಕು. 2018ರ ಮಾರ್ಚ್ 9ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ವಾಸಿಯಾಗದ ಸ್ಥಿತಿಯಲ್ಲಿ ವೆಂಟಿಲೇಟರಿನಂಥ ಜೀವಾಧಾರ ಬೇಡವೆಂದು ಮುಂಚಿತವಾಗಿ ಬರೆದಿಡುವ ಹಕ್ಕನ್ನು ಒಪ್ಪಿತು. 2023ರ ಜನವರಿಯಲ್ಲಿ ಕ್ರಮವನ್ನು ಸರಳಗೊಳಿಸಿತು. ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ಜಾರಿಗೆ ಬರುವಾಗ ಆಸ್ಪತ್ರೆಯ ಎರಡು ವೈದ್ಯ ಮಂಡಳಿಗಳು ಒಪ್ಪಬೇಕು. 2025ರ ಜನವರಿ ಕೊನೆಯಲ್ಲಿ ಕರ್ನಾಟಕ ಸರಕಾರ ಇದಕ್ಕೆ ಸುತ್ತೋಲೆ ಹೊರಡಿಸಿತು. ಇದು ದಯಾಮರಣವಲ್ಲ. ಮನೆಯ ಹಿರಿಯರು ಮಾತಾಡುವ ಸ್ಥಿತಿಯಲ್ಲಿರುವಾಗಲೇ ಅವರ ಇಚ್ಛೆ ಕೇಳಿ ಬರೆದಿಟ್ಟರೆ, ಐಸಿಯು ಬಾಗಿಲಲ್ಲಿ ಅಣ್ಣತಮ್ಮಂದಿರು ಜಗಳವಾಡುವುದು ತಪ್ಪುತ್ತದೆ.

ಈ ಕೆಲಸ ಮಾಡುವವರೂ ಸವೆಯುತ್ತಾರೆ. ವಾರಕ್ಕೊಮ್ಮೆ ತಂಡ ಕೂತು ಆ ವಾರ ಹೋದವರ ಹೆಸರು ಹೇಳಿ, ಹತ್ತು ನಿಮಿಷ ಅವರ ಬಗ್ಗೆ ಮಾತಾಡುವ ರೂಢಿ ಒಳ್ಳೆಯ ಕೇಂದ್ರಗಳಲ್ಲಿದೆ. ಅದಿಲ್ಲದ ಕಡೆ ಎರಡು ವರ್ಷದಲ್ಲಿ ನರ್ಸುಗಳು ಬಿಟ್ಟು ಹೋಗುತ್ತಾರೆ.

ಈ ವರ್ಷ ಪದವಿ ಮುಗಿಸುವ ಐದು ತಾಲೂಕುಗಳ ಮಕ್ಕಳಲ್ಲಿ ನನ್ನದೊಂದು ಕೋರಿಕೆ. ಅರ್ಜಿ ಹಾಕುವ ಮುಂಚೆ ನಿಮ್ಮ ಊರಿನ ಆಶಾ ಅಕ್ಕನ ಜೊತೆ ಹಾಸಿಗೆ ಹಿಡಿದವರ ನಾಲ್ಕು ಮನೆಗೆ ಹೋಗಿ, ಪ್ರತಿ ಮನೆಯಲ್ಲೂ ಅರ್ಧ ತಾಸು ಕೂತು ಬನ್ನಿ. ಮರುವಾರವೂ ಹೋಗಬೇಕು ಅನ್ನಿಸಿದರೆ ಈ ಓದು ನಿಮಗೆ. ಇನ್ನು ಈ ಬರಹ ಓದುತ್ತಿರುವವರ ಮನೆಯಲ್ಲೇ ಯಾರಾದರೂ ಹೋಗಿ ದಿನಗಳು ಭಾರವಾಗಿದ್ದರೆ, 14416ಕ್ಕೆ ಫೋನು ಮಾಡಿ. ಅದು ಸರಕಾರದ ಟೆಲಿಮಾನಸ್, ಹಗಲು ರಾತ್ರಿ ಇರುತ್ತದೆ, ದುಡ್ಡು ಹತ್ತುವುದಿಲ್ಲ. ಕನ್ನಡದಲ್ಲೂ ಮಾತಾಡಬಹುದು, ಮರಾಠಿಯಲ್ಲೂ ಮಾತಾಡಬಹುದು.